ಹಳೆಯ ತೋಟೆಗಳ ಮೇಲಣ ನಂಬಿಕೆ

ಪೇಟೆಯಲ್ಲಿ ಹುಟ್ಟಿ ಬೆಳೆದವರಿಗೆ ಕೋವಿಯೆಂದರೆ ಸಿನಿಮಾದ ಸಾಮಗ್ರಿ; ಇಲ್ಲವೆ ಬ್ಯಾಂಕಿನ ಬಾಗಿಲಲ್ಲಿ ತೂಕಡಿಸುವ ಕಾವಲುಗಾರನ ಭುಜಕ್ಕೊಂದು ಭೂಷಣ. ಪುತ್ತೂರಿನಿಂದ ಮಡಿಕೇರಿಯತ್ತ ಹೋಗುವ ಹೆದ್ದಾರಿಯಲ್ಲಿ, ಸುಳ್ಯ ತಲಪುವ ಮೊದಲು, ಕಾಸರಗೋಡಿನ ದಾರಿ ಕವಲೊಡೆಯುವಲ್ಲಿ ಜಾಲ್ಸೂರು ಎಂಬ ಊರುಂಟು. ಅಲ್ಲಿಯ ಅಡಿಕೆ ತೋಟದವರಿಗೆ ಕೋವಿ ಹಾರೆ, ಕತ್ತಿಗಳ ಸಾಲಿಗೆ ಸೇರಿದ ವಸ್ತು. ಹಂದಿ, ಮಂಗಗಳ ಕಾಟಕ್ಕೆಂದು ಬೆಳೆರಕ್ಷಣೆಯ ಪರವಾನಗಿ ಪಡೆದು ಇರಿಸಿಕೊಂಡದ್ದು. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆಯ ವೈಭವ ಮುಗಿಯಿತು. ಸದ್ದು ಮಾಡಿ ಬೆದರಿಸುವುದೇ ಈಗ ಅದರ ದೊಡ್ಡ ಕೆಲಸ. ಚುನಾವಣೆ ಬಂತೆಂದರೆ ಅದು ಠಾಣೆಗೆ ಹೋಗಿ ಕೆಲವು ವಾರ ಕುಳಿತು ಬರುತ್ತದೆ. ಹೀಗಾಗಿ ಈಡು ಹೊಡೆಯುವುದು ಅಪರೂಪ. ತೋಟೆಗಳು ಮುಗಿಯುವುದಿಲ್ಲ, ಮುಗಿಯದ ತೋಟೆಗಳು ಹಳತಾಗುತ್ತವೆ.

ಅಲ್ಲಿಯ ಒಂದು ಮನೆಯಲ್ಲಿ ಇಂಥ ತೋಟೆಗಳನ್ನು ನಾನು ಕಂಡೆ. ಬಿಸ್ಕತ್ತಿನ ತಗಡಿನ ಡಬ್ಬಿ. ಅದರೊಳಗೆ ಹಲವು ಕಾಲದ ಸಂತಾನ. ಕಿರ್ಕಿಯ ಕಾರ್ಖಾನೆಯ ‘ಶಕ್ತಿಮಾನ್’ ಕೆಲವು, ವಿಲಾಯತಿಯ ‘ಈಲೀ’ ಕೆಲವು, ಕಾಗದದ ಒಡಲಿನವು, ಪ್ಲಾಸ್ಟಿಕ್ಕಿನವು. ಕೆಲವಕ್ಕೆ ಹಿತ್ತಾಳೆಯ ಬುಡದಲ್ಲಿ ಹಸಿರು ಕಿಲುಬು. ಇವು ಹಾರುತ್ತವೆಯೇ ಎಂದು ಕೇಳಿದೆ. ಯಜಮಾನರು ನಕ್ಕರು. “ಹೋದ ವರ್ಷ ಒಂದನ್ನು ಹೊಡೆದು ನೋಡಿದ್ದೇನೆ. ಢಂ ಎಂದಿತು. ಉಳಿದವೂ ಅದೇ ಡಬ್ಬಿಯವಲ್ಲವೇ?”

ನಮ್ಮ ಹಿರಿಯರ ಸ್ಥಾಲೀಪುಲಾಕ ನ್ಯಾಯವೇ ಇದು. ಒಂದು ಅಗುಳನ್ನು ಹಿಚುಕಿ ನೋಡಿ ಇಡೀ ಪಾತ್ರೆಯ ಅನ್ನ ಬೆಂದಿದೆಯೆಂದು ಹೇಳುವುದು. ಅನ್ನದ ಮಟ್ಟಿಗೆ ನ್ಯಾಯ ಸರಿ. ಅಕ್ಕಿ ಒಂದೇ, ನೀರು ಒಂದೇ, ಬೆಂಕಿ ಒಂದೇ. ಒಂದೇ ದಿನ ತಯಾರಾಗಿ ಒಂದೇ ಉಗ್ರಾಣದಲ್ಲಿ ಬಿದ್ದಿರುವ ಸೈನ್ಯದ ಸರಕಿಗೂ ಇದು ಬಹುಮಟ್ಟಿಗೆ ಹೊಂದೀತು. ಆದರೆ ಈ ಡಬ್ಬಿಯಲ್ಲಿ ಅಕ್ಕಿ, ರಾಗಿ, ಹುರುಳಿ ಎಲ್ಲವೂ ಉಂಟು. ಪ್ರತಿಯೊಂದೂ ಬೇರೆ ಬೇರೆ ಮಳೆಗಾಲಗಳನ್ನು ಕಂಡದ್ದು. ಮೇಲಾಗಿ ಹಿಚುಕಿ ನೋಡಿದ ಅಗುಳು ಉಣ್ಣಲು ಒದಗುವುದಿಲ್ಲ. ತೋಟೆಯನ್ನು ಪರೀಕ್ಷಿಸುವ ನಿಜವಾದ ದಾರಿ ಅದನ್ನು ಹಾರಿಸುವುದೊಂದೇ. ಹಾರಿಸಿದ ಮೇಲೆ ಆ ಜ್ಞಾನದಿಂದ ಆ ತೋಟೆಗೆ ಪ್ರಯೋಜನವಿಲ್ಲ.

ಹಳತೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ತಂಪಾದ, ಒಣಗಿದ ಜಾಗದಲ್ಲಿಟ್ಟ ತೋಟೆ ಐವತ್ತು ವರ್ಷದ ಮೇಲೂ ಹೊಸದರಂತೆ ಹಾರಿದ್ದುಂಟು. ಔಷಧದ ಶೀಶೆಯ ಮೇಲಿರುವಂತೆ ಅದರ ಮೇಲೆ ಕಡೆಯ ತಾರೀಖು ಸಾಮಾನ್ಯವಾಗಿ ಇರುವುದಿಲ್ಲ. ಇರಿಸಿದ ರೀತಿಯೇ ಅದರ ಆಯುಷ್ಯ. ತೊಡಕಿರುವುದು ಇಲ್ಲಿಯೇ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸೀಮೆಯಲ್ಲಿ ಒಣಗಿದ ಜಾಗ ಯಾವುದು? ಒಲೆಯ ಮೇಲಿನ ಅಟ್ಟ. ಅಜ್ಜಂದಿರು ಕೇಪಿನ ಕೋವಿಯ ಕರಿಮದ್ದನ್ನು ಬೆಚ್ಚಗಿನ ಜಾಗದಲ್ಲಿಡುತ್ತಿದ್ದರು. ಕಿಡಿಯ ಭಯವನ್ನು ಬಿಟ್ಟರೆ ಅದು ತಿಳಿವಳಿಕೆಯ ಮಾತೇ. ಉಪ್ಪು, ಗಂಧಕ, ಇದ್ದಲುಗಳ ಆ ಮಿಶ್ರಣಕ್ಕೆ ತೇವವೊಂದೇ ಶತ್ರು. ಒಣಗಿದ್ದರೆ ತಲೆಮಾರುಗಳ ಕಾಲ ಬಾಳುತ್ತದೆ. ಇಂದಿನ ತೋಟೆಯ ಹೊಗೆಯಿಲ್ಲದ ಮದ್ದು ಬೇರೆ ಜಾತಿ. ಅದು ನೈಟ್ರೋಸೆಲ್ಯುಲೋಸು; ಹುಟ್ಟಿದ ದಿನದಿಂದಲೇ ಸಾವಕಾಶವಾಗಿ ಕೊಳೆಯುತ್ತಿರುತ್ತದೆ. ಆ ಕೊಳೆಯುವಿಕೆಯನ್ನು ತಡೆಯಲು ಬೆರೆಸಿದ ದ್ರವ್ಯ ಸೆಖೆಯಲ್ಲಿ ಬೇಗ ತೀರುತ್ತದೆ. ಹೀಗೆ ತೇವದಿಂದ ಕಾಪಾಡಲು ಹೋಗಿ ಬಿಸಿಗೆ ಒಪ್ಪಿಸಿದಂತಾಯಿತು. ಅಜ್ಜನ ಬುದ್ಧಿ ಅಟ್ಟದಲ್ಲಿ ಉಳಿದಿದೆ. ಅಜ್ಜನ ಮದ್ದು ಉಳಿದಿಲ್ಲ.

ಹಾರದೆ ಹೋದರೆ ಏನು ನಷ್ಟ, ಹಂದಿ ನಾಲ್ಕು ಗೆಡ್ಡೆ ಹೆಚ್ಚು ತಿಂದೀತು ಎನ್ನಬಹುದು. ಪೂರ್ತಿ ಸತ್ತ ತೋಟೆ ನಿರುಪದ್ರವಿ. ಅಪಾಯವಿರುವುದು ಅರ್ಧ ಸತ್ತದ್ದರಿಂದ. ಕುದುರೆ ಬಡಿದು ‘ಟಕ್’ ಎಂದಿತು, ಸದ್ದಿಲ್ಲ. ತೇವ ತಗಲಿದ ಮದ್ದು ಒಂದೆರಡು ಕ್ಷಣ ತಡೆದು ಹೊತ್ತಿಕೊಂಡರೆ? ಅಷ್ಟರಲ್ಲಿ ಅವಸರದ ಕೈ ಕೋವಿಯನ್ನು ಮಡಚಿ ತೆರೆದಿದ್ದರೆ? ಅದಕ್ಕಾಗಿಯೇ ಬಲ್ಲವರು ನಳಿಗೆಯನ್ನು ಯಾರೂ ಇಲ್ಲದ ದಿಕ್ಕಿಗೆ ಹಿಡಿದು ಕಡಮೆಯೆಂದರೆ 30 ಸೆಕೆಂಡು ಕಾಯುತ್ತಾರೆ. ಇದಕ್ಕಿಂತ ಕಳ್ಳತನದ್ದು ಇನ್ನೊಂದು: ‘ಢಂ’ ಎನ್ನಬೇಕಾದದ್ದು ‘ಪುಸ್’ ಎನ್ನುತ್ತದೆ, ಮದ್ದಿಗೂ ಚರೆಗೂ ನಡುವಿನ ಬಿರಡೆ ನಳಿಗೆಯ ಮಧ್ಯದಲ್ಲೇ ಸಿಕ್ಕಿಬೀಳುತ್ತದೆ. ಕಣ್ಣಿಟ್ಟು ನೋಡದೆ, ಇನ್ನೊಂದು ಒಳ್ಳೆಯ ತೋಟೆಯನ್ನು ಅದರ ಹಿಂದೆ ಹಾರಿಸಿದರೆ ನಳಿಗೆಯೇ ಸಿಡಿಯಬಹುದು. ಅದರ ಕೆಳಗಿರುವುದು ಹೊಡೆಯುವವನ ಎಡಗೈ.

ಆ ಎಡಗೈ ಯಾರದು? ನನ್ನನ್ನು ಕಾಡಿದ ಪ್ರಶ್ನೆ ಇದು. ಯಜಮಾನರಿಗೆ ವಯಸ್ಸಾಗಿದೆ. ರಾತ್ರಿ ತೋಟಕ್ಕೆ ಹೋಗುವವನು ಪರವಾನಗಿಯಲ್ಲಿ ಹೆಸರು ನಮೂದಾದ ಆಳು. “ಹಾರುತ್ತದೆ, ತೆಗೆದುಕೊಂಡು ಹೋಗು” ಎನ್ನುವ ನಾಲಗೆ ಒಬ್ಬರದು. ಕೋವಿಯ ಹಿಡಿಗೆ ಕೆನ್ನೆಯಿಡುವವನು ಇನ್ನೊಬ್ಬ.

ಇಂಗ್ಲೆಂಡಿನ ಗಣಿತಜ್ಞ ಕ್ಲಿಫರ್ಡ್ 1877ರಲ್ಲಿ ನಂಬಿಕೆಯ ನೀತಿಯನ್ನು ಕುರಿತು ಬರೆದ ಲೇಖನದಲ್ಲಿ ಒಬ್ಬ ಹಡಗಿನ ಒಡೆಯನನ್ನು ತಂದಿದ್ದಾನೆ. ಹಡಗು ಹಳೆಯದೆಂದು ಅವನಿಗೆ ಗೊತ್ತು. ಇಷ್ಟು ಸಲ ಹೋಗಿ ಬಂದಿದೆಯಲ್ಲ ಎಂದು ಸಂಶಯವನ್ನು ಅದುಮಿ, ಮನಃಪೂರ್ವಕ ನಂಬಿ, ಜನರನ್ನು ಹತ್ತಿಸಿ ಕಳುಹಿಸುತ್ತಾನೆ. ಹಡಗು ಮುಳುಗುತ್ತದೆ. ಅದು ಕ್ಷೇಮವಾಗಿ ಮರಳಿದ್ದರೂ ಅವನ ತಪ್ಪು ಕಡಮೆಯಾಗುತ್ತಿರಲಿಲ್ಲವೆಂದು ಕ್ಲಿಫರ್ಡನ ವಾದ. ಸಾಕಷ್ಟು ಆಧಾರವಿಲ್ಲದೆ ಏನನ್ನೂ ಯಾರೂ ನಂಬಬಾರದೆಂಬವರೆಗೂ ಅವನು ಹೋಗುತ್ತಾನೆ. ಅಷ್ಟು ದೂರ ನಾನು ಹೋಗಲಾರೆ. ಅಡಿಕೆ ಕೊಯ್ಯುವವನು ಒಂದು ಮರದಿಂದ ಇನ್ನೊಂದಕ್ಕೆ ಬಾಗಿ ದಾಟುವಾಗ ಯಾವ ಆಧಾರದ ಲೆಕ್ಕ ಹಾಕುತ್ತಾನೆ? ನಂಬಿಯೇ ದಾಟಬೇಕು. ಆದರೆ ಅವನು ಪಣವಿಡುವುದು ತನ್ನ ಮೈಯನ್ನು. ನಾನೇ ಹೊಡೆಯುವ ತೋಟೆಯಲ್ಲಿ ನಾನು ಎಷ್ಟು ಜಿಪುಣನಾದರೂ ಆಗಬಹುದು. ಇನ್ನೊಬ್ಬನ ಕೈಗೆ ಕೊಡುವಾಗ ಅದೇ ಮಿತವ್ಯಯಕ್ಕೆ ಬೇರೆ ಹೆಸರು ಬರುತ್ತದೆ. ‘ಹಾರುತ್ತದೆ’ ಎನ್ನುವುದಕ್ಕೂ ‘ಹಾರೀತು, ನನಗೆ ನಿಶ್ಚಯವಿಲ್ಲ’ ಎನ್ನುವುದಕ್ಕೂ ವ್ಯಾಕರಣದಲ್ಲಿರುವ ಅಂತರ ಸಣ್ಣದು. ಎರಡನೆಯದನ್ನು ಹೇಳಿದರೆ ಕೇಳುವವನಿಗೆ ‘ಬೇಡ’ ಎನ್ನುವ ಅವಕಾಶವಾದರೂ ದೊರೆಯುತ್ತದೆ.

ನೆರೆಯ ಕೊಡಗಿನಲ್ಲಿ ಸೆಪ್ಟೆಂಬರಿನ ಕೈಲ್‌ಪೊಳ್ದಿನಂದು ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ತೋಟೆಯ ಡಬ್ಬಿಯನ್ನೂ ವರ್ಷಕ್ಕೊಮ್ಮೆ ಬೆಳಕಿಗೆ ಸುರಿದು ನೋಡುವ ಹಬ್ಬವೊಂದಿದ್ದರೆ ಒಳ್ಳೆಯದಿತ್ತು. ಉಬ್ಬಿದ್ದು, ಕಿಲುಬಿದ್ದು, ಬಾಯಿ ಸಡಿಲಿದ್ದು ಕಣ್ಣಿಗೇ ಕಾಣುತ್ತವೆ. ನಳಿಗೆಗೆ ಹೋಗದ ಕಾಗದದ ತೋಟೆಯನ್ನು ಉಜ್ಜಿ ತೆಳ್ಳಗೆ ಮಾಡಿ ತುರುಕುವವರೂ ಇದ್ದಾರೆ. ಆ ಜಾಣತನದ ಬಗ್ಗೆ ನಾನೇನೂ ಹೇಳುವುದಿಲ್ಲ. ಬೇಡವೆಂದು ಕಂಡದ್ದನ್ನು ಬಾವಿಗೆ ಎಸೆಯುವುದು, ಒಲೆಗೆ ಹಾಕುವುದು ಸಲ್ಲದು. ಪರವಾನಗಿಯುಳ್ಳ ವ್ಯಾಪಾರಿಯನ್ನೋ ಠಾಣೆಯನ್ನೋ ಕೇಳಿ ಒಪ್ಪಿಸಬೇಕು. ಯಜಮಾನ ತೀರಿಕೊಂಡು ಪರವಾನಗಿಯೂ ಮುಗಿದ ಮನೆಯಲ್ಲಿ ಉಳಿದ ತೋಟೆಗಳನ್ನಂತೂ ಅನಗತ್ಯ ವಿಳಂಬವಿಲ್ಲದೆ ಒಪ್ಪಿಸಬೇಕೆಂದು 1959ರ ಶಸ್ತ್ರ ಕಾಯಿದೆಯ 21ನೆಯ ಪ್ರಕರಣವೇ ಹೇಳುತ್ತದೆ.

ನಾವು ಮಾತಾಡುತ್ತಿದ್ದಾಗ ಆ ಆಳು ಜಗಲಿಯ ಕೆಳಗೆ ನಿಂತು ಕೇಳುತ್ತಿದ್ದ. ಡಬ್ಬಿಯನ್ನು ತನಗೊಮ್ಮೆ ತೋರಿಸಬೇಕೆಂದು ಕೇಳಿದ. ಯಜಮಾನರಿಗೆ ಅದು ಹಿತವಾಗಲಿಲ್ಲ. ಆದರೂ ಅವನತ್ತ ನೂಕಿದರು. ಅವನು ಒಂದೊಂದನ್ನೇ ಬಿಸಿಲಿಗೆ ಹಿಡಿದು, ಕಿವಿಯ ಬಳಿ ಅಲುಗಾಡಿಸಿ, ಬುಡವನ್ನು ಹೆಬ್ಬೆರಳಿನಿಂದ ಸವರಿ, ಐದನ್ನು ಒಂದು ಕಡೆ ಇಟ್ಟ. ಉಳಿದ ಹದಿನಾಲ್ಕನ್ನು ಹಾಗೆಯೇ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ.