ಹೆಚ್ಚು ಓದಿದ್ದೂ ಅನರ್ಹತೆಯೇ?

‘ಓದಿ ಓದಿ ಮರುಳಾದ ಕೂಚುಭಟ್ಟ’ ಎಂಬ ಗಾದೆಯನ್ನು ನಾವೆಲ್ಲ ಬಾಲ್ಯದಿಂದ ಕೇಳಿದವರೇ. ಗಾದೆ ಜಗುಲಿಯ ಮೇಲಿರುವವರೆಗೆ ಯಾರಿಗೂ ತೊಂದರೆಯಿಲ್ಲ. ಅದು ಸಂದರ್ಶನದ ಮೇಜಿಗೆ ಬಂದು ಕುಳಿತಾಗ ಮಾತ್ರ ಒಬ್ಬನ ಅನ್ನದ ಪ್ರಶ್ನೆಯಾಗುತ್ತದೆ.

ಪಿಎಚ್.ಡಿ. ಮಾಡಿದವನು ಕಾಲೇಜಿನ ಹೊರಗೆ ಕೆಲಸ ಕೇಳಿದರೆ ನಾಲ್ಕು ಮಾತುಗಳು ಅವನಿಗಾಗಿ ಸಿದ್ಧವಾಗಿರುತ್ತವೆ: ಪುಸ್ತಕದ ಹುಳು, ವ್ಯವಹಾರ ತಿಳಿಯದು, ಮೇಲಿನವರ ಮಾತು ಕೇಳುವವನಲ್ಲ, ಒಳ್ಳೆಯ ಅವಕಾಶ ಸಿಕ್ಕೊಡನೆ ಬಿಟ್ಟುಹೋಗುತ್ತಾನೆ. ಹಾಗಾದರೆ ಕಾಲೇಜಿಗೇ ಹೋಗಲಿ ಎನ್ನಬಹುದು. ಆ ಬಾಗಿಲೂ ಸ್ಥಿರವಾಗಿ ನಿಂತಿಲ್ಲ. ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ. ಕಡ್ಡಾಯವೆಂದು ಯು.ಜಿ.ಸಿ. 2018ರಲ್ಲಿ ನಿಯಮ ಮಾಡಿತು. 2021ರಿಂದ ಜಾರಿಯಾಗಬೇಕಿದ್ದುದನ್ನು 2023ಕ್ಕೆ ಮುಂದೂಡಿ, ಆ ವರ್ಷದ ಜುಲೈಯಿಂದ ನೆಟ್ ಅಥವಾ ಸೆಟ್ ಪರೀಕ್ಷೆಯೇ ಸಾಕೆಂದಿತು.

ಆ ನಾಲ್ಕು ಮಾತುಗಳಲ್ಲಿ ಎಳ್ಳಷ್ಟೂ ನಿಜವಿಲ್ಲವೆಂದು ನಾವು ಹೇಳುವುದಿಲ್ಲ. ಅಂಥವರೂ ಇರಬಹುದು. ಆದರೆ ನಾಲ್ಕೈದು ವರ್ಷ ಒಂದೇ ಸಮಸ್ಯೆಯ ಬೆನ್ನು ಹತ್ತಿ, ಪ್ರಯೋಗ ಕೆಟ್ಟಾಗ ಮತ್ತೆ ಮೊದಲಿನಿಂದ ತೊಡಗಿ, ಪರೀಕ್ಷಕರ ಆಕ್ಷೇಪಗಳಿಗೆ ಉತ್ತರ ಕೊಟ್ಟು ಪ್ರಬಂಧ ಮುಗಿಸಿದವನನ್ನು ‘ನಿಲ್ಲುವವನಲ್ಲ’ ಎನ್ನುವುದು ವಿಚಿತ್ರ. ನಾವು ಬಿ.ಎಸ್ಸಿ. ಓದಿ ಗುಮಾಸ್ತಿಕೆಗೆ ಬಂದವರು. ಬ್ಯೂರೆಟ್ ಹಿಡಿದ ಕೈ ಕಡತಕ್ಕೆ ಒಗ್ಗೀತೇ ಎಂದು ಯಾರೂ ಶಂಕಿಸಲಿಲ್ಲ, ಕಲಿತೆವು. ಮೂರು ವರ್ಷದ ಓದಿಗೆ ದೊರೆತ ಈ ನಂಬಿಕೆ ಹತ್ತು ವರ್ಷದ ಓದಿಗೇಕೆ ದೊರೆಯಬಾರದು? ದೆಹಲಿಯಲ್ಲಿ ದಕ್ಷಿಣದವರೆಲ್ಲ ‘ಮದ್ರಾಸಿ’ಗಳೆನಿಸಿಕೊಂಡ ಅನುಭವ ನಮಗಿದೆ. ಒಂದೇ ಚೀಟಿ ಅಂಟಿಸಿ ಎಲ್ಲರನ್ನೂ ಒಂದೇ ಕಪಾಟಿಗೆ ತಳ್ಳುವುದು ಎಂಥದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಇದರ ಫಲವೇನು? ಕೊನೆಗೆ ಅವನು ಅರ್ಜಿಯಿಂದ ಪದವಿಯನ್ನೇ ಕೈಬಿಡುತ್ತಾನೆ. ಆಗ ಆ ಐದು ವರ್ಷ ಏನು ಮಾಡುತ್ತಿದ್ದೆ ಎಂಬ ಪ್ರಶ್ನೆ ಏಳುತ್ತದೆ. ಸುಳ್ಳು ಹೇಳಬೇಕು, ಇಲ್ಲವೆ ಸೋಮಾರಿ ಎನಿಸಿಕೊಳ್ಳಬೇಕು. ಸುಳ್ಳು ಪದವಿ ತೋರಿಸುವವರನ್ನು ಶಿಕ್ಷಿಸುವ ಸಮಾಜ, ನಿಜವಾದ ಪದವಿಯನ್ನು ಬಚ್ಚಿಡಲು ಕಲಿಸುತ್ತಿದೆ.

ಬಚ್ಚಿಡುವುದನ್ನು ನಾವು ಸಮರ್ಥಿಸುತ್ತಿಲ್ಲ. ಜವಾನನ ಹುದ್ದೆಗೆ ಪದವೀಧರರು ಅರ್ಹರಲ್ಲವೆಂದು ಬ್ಯಾಂಕೊಂದು ಜಾಹೀರಾತಿನಲ್ಲೇ ತಿಳಿಸಿತ್ತು. ಪದವಿಯನ್ನು ಮರೆಮಾಚಿ ಆಯ್ಕೆಯಾದವನನ್ನು ಅದು ಸೇರಿಸಿಕೊಳ್ಳಲಿಲ್ಲ. ಸುಪ್ರೀಂ ಕೋರ್ಟು 2020ರಲ್ಲಿ ಬ್ಯಾಂಕಿನ ಪರವಾಗಿಯೇ ತೀರ್ಪಿತ್ತಿತು. ಕಡಿಮೆ ಓದಿದವನಿಗೂ ಒಂದು ಬಾಗಿಲು ಬೇಕಷ್ಟೆ. ಉತ್ತರ ಪ್ರದೇಶದ ಪೊಲೀಸ್ ಇಲಾಖೆಯಲ್ಲಿ 62 ಸಂದೇಶವಾಹಕ ಹುದ್ದೆಗಳಿಗೆ ಐದನೆಯ ತರಗತಿ ಸಾಕಾಗಿದ್ದಾಗ, ಸುಮಾರು 93,000 ಅರ್ಜಿಗಳಲ್ಲಿ 3,700 ಪಿಎಚ್.ಡಿ. ಪಡೆದವರವೆಂದು 2018ರಲ್ಲಿ ಪತ್ರಿಕೆಗಳು ವರದಿ ಮಾಡಿದ್ದವು. ಅಲ್ಲಿ ಐದನೆಯ ತರಗತಿಯವನ ಗತಿಯನ್ನೂ ನೆನೆಯಬೇಕು.

ಆದರೆ ಬರೆದಿಟ್ಟ ನಿಯಮ ಬೇರೆ, ಮನಸ್ಸಿನಲ್ಲಿಟ್ಟುಕೊಂಡ ಪೂರ್ವಗ್ರಹ ಬೇರೆ. ನಿಯಮವನ್ನು ಮೊದಲೇ ಓದಬಹುದು, ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಪೂರ್ವಗ್ರಹಕ್ಕೆ ಮೇಲ್ಮನವಿಯೇ ಇಲ್ಲ. ಹಾಗೊಂದು ತೀರ್ಮಾನವಾಯಿತೆಂಬುದು ಸಹ ಅಭ್ಯರ್ಥಿಗೆ ತಿಳಿಯುವುದಿಲ್ಲ.

ನಮ್ಮ ವಾಚಕರಲ್ಲಿ ಆಯ್ಕೆ ಸಮಿತಿಗಳಲ್ಲಿ ಕುಳಿತವರಿರಬಹುದು. ಅವರಲ್ಲಿ ನಮ್ಮ ಅರಿಕೆ ಇಷ್ಟೆ: ಶಂಕೆಯಿದ್ದರೆ ಅಭ್ಯರ್ಥಿಯ ಎದುರಿಗೇ ಹೇಳಿ. ಎಷ್ಟು ಕಾಲ ಇರುವಿರಿ, ಈ ಸಂಬಳ ಸಾಕೇ ಎಂದು ಕೇಳಿ, ಉತ್ತರಕ್ಕೆ ಅವಕಾಶ ಕೊಡಿ. ಈ ಕೆಲಸ ತನಗೆ ಕಿರಿದೋ ಹಿರಿದೋ ಎಂದು ಹೇಳಬೇಕಾದವನು ಅವನು, ನಾವಲ್ಲ.