ಮನ್ನವು ದಿನದಿನಕ್ಕೆ

ಓದತಕ್ಕ ವೇದಭಾಗಗಳು: ವಿಮೋಚನಕಾಂಡ 16:14–30; ಅಪೊಸ್ತಲರ ಕೃತ್ಯಗಳು 17:10–12



ಇಸ್ರಾಯೇಲ್ಯರು ಅರಣ್ಯದಲ್ಲಿದ್ದಾಗ ದೇವರು ಅವರಿಗೆ ಮನ್ನವನ್ನು ಕೊಟ್ಟ ಸಂಗತಿಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ಆದರೆ ಅದರಲ್ಲಿರುವ ಒಂದು ಮಾತನ್ನು ನಾವು ಸುಲಭವಾಗಿ ದಾಟಿ ಹೋಗುತ್ತೇವೆ. ಅದೇನಂದರೆ, ಮರುದಿನಕ್ಕೆಂದು ತೆಗೆದಿಟ್ಟ ಮನ್ನವು ಹುಳಬಿದ್ದು ನಾರಿತು. ನಮ್ಮ ಕಡೆಯ ತಾಯಂದಿರು ಜೋಳದ ಖಡಕ ರೊಟ್ಟಿ ಮಾಡಿ ಬುತ್ತಿ ಕಟ್ಟಿದರೆ ಅದು ಎಂಟು ದಿನವಾದರೂ ಕೆಡುವದಿಲ್ಲ. ದೇವರು ಮನಸ್ಸು ಮಾಡಿದ್ದರೆ ಮನ್ನವನ್ನೂ ಹಾಗೆಯೇ ಕೊಡಬಹುದಾಗಿತ್ತು. ಆರನೆಯ ದಿನ ಎರಡರಷ್ಟು ಕೂಡಿಸಿಟ್ಟದ್ದು ಸಬ್ಬತ್ತಿನ ದಿನದಲ್ಲಿ ಕೆಡಲಿಲ್ಲವಷ್ಟೆ. ಆದಕಾರಣ ಕೆಡದಂತೆ ಕಾಯುವ ಶಕ್ತಿಯು ಆತನಿಗೆ ಇರಲಿಲ್ಲವೆಂದು ಯಾರೂ ಹೇಳಲಾರರು. ಆತನು ಬೇಕೆಂದೇ ಕೆಡುವ ಆಹಾರವನ್ನು ಕೊಟ್ಟನು. ಯಾಕಂದರೆ ಒಂದೇ ದಿನ ಬಂದು ವಾರಕ್ಕಾಗುವಷ್ಟು ಹೊತ್ತುಕೊಂಡು ಹೋಗುವ ಮಕ್ಕಳು ಆತನಿಗೆ ಬೇಕಾಗಿರಲಿಲ್ಲ. ಪ್ರತಿದಿನವೂ ಬೆಳಿಗ್ಗೆ ತಂದೆಯ ಮುಂದೆ ಬಂದು ನಿಲ್ಲುವ ಮಕ್ಕಳು ಬೇಕಾಗಿದ್ದರು.

ಬಸವಕಲ್ಯಾಣ, ಹುಮನಾಬಾದ ಈ ಎರಡು ತಾಲೂಕುಗಳ ಹಳ್ಳಿಸಭೆಗಳಲ್ಲಿ ನಾವು ದೇವರ ವಾಕ್ಯವನ್ನು ಹೇಗೆ ಕೂಡಿಸುತ್ತೇವೆಂಬದನ್ನು ಸ್ವಲ್ಪ ವಿಚಾರಿಸೋಣ. ಆದಿತ್ಯವಾರದಲ್ಲಿ ದೇವಾಲಯಕ್ಕೆ ಹೋಗುತ್ತೇವೆ. ಪಾಸ್ಟರರು ಬಂದರೆ ಪ್ರಸಂಗ ಉಂಟು, ಬೇರೆ ಹಳ್ಳಿಗೆ ಹೋಗಿದ್ದರೆ ಹಾಡು ಹಾಡಿ ತಿರುಗಿ ಬರುತ್ತೇವೆ. ವರ್ಷಕ್ಕೊಮ್ಮೆ ಗಾಡಿ ಮಾಡಿಕೊಂಡು ವಿಕಾರಾಬಾದದ ಹತ್ತಿರದ ಧಾರೂರು ಜಾತ್ರೆಗೆ ಹೋಗಿ, ಸಾವಿರಾರು ಜನರ ನಡುವೆ ಕೂತು, ಅತ್ತು, ಹಾಡಿ, ಮನಸ್ಸು ತುಂಬಿಕೊಂಡು ಬರುವವರೂ ಇದ್ದಾರೆ. ಇವೆಲ್ಲವೂ ಒಳ್ಳೇವೇ. ಆದರೆ ಜಾತ್ರೆಯಲ್ಲಿ ಉಂಡ ಊಟವು ವರ್ಷಕ್ಕೆ ಸಾಲುವದುಂಟೋ? ಬುಧವಾರ ರಾತ್ರಿ ಮಗುವಿಗೆ ಜ್ವರ ಏರಿದಾಗ, ಆದಿತ್ಯವಾರದ ಪ್ರಸಂಗದಲ್ಲಿ ಎಷ್ಟು ಮಾತು ನಿಮ್ಮ ಕೈಯಲ್ಲಿ ಉಳಿದಿರುತ್ತದೆ? ಆ ರಾತ್ರಿಯಲ್ಲಿಯೇ ಹೆದರಿದ ಮನಸ್ಸು ತಾಯತದವನ ಬಾಗಲಿಗೆ ಓಡುತ್ತದೆ. ಓಡಿದವರನ್ನು ಸಭೆಯವರು ಬಯ್ಯುವದುಂಟು. ಬಯ್ಯುವದಕ್ಕಿಂತ, ಆ ಮನೆಯಲ್ಲಿ ವಾರದ ಆರು ದಿನ ಏನು ಉಣ್ಣುತ್ತಿದ್ದರೆಂದು ಕೇಳುವದು ಲೇಸು.

ಬೀದರ ಜಿಲ್ಲೆಯ ನಮ್ಮ ಸಭೆಗಳಲ್ಲಿ ಹೆಚ್ಚಿನವು ಮೆಥೊಡಿಸ್ಟ್ ಸಭೆಗಳು. ಈ ಹೆಸರು ಎಲ್ಲಿಂದ ಬಂತೆಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? 1729ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಟ್ಟಣದಲ್ಲಿ ಚಾರ್ಲ್ಸ್ ವೆಸ್ಲಿ, ಜಾನ್ ವೆಸ್ಲಿ ಎಂಬ ಅಣ್ಣತಮ್ಮಂದಿರೂ ಅವರ ಕೆಲವು ಸ್ನೇಹಿತರೂ ಕೂಡಿ, ಹೊತ್ತು ಗೊತ್ತು ಮಾಡಿಕೊಂಡು ಸತ್ಯವೇದವನ್ನು ಓದಿ ಪ್ರಾರ್ಥಿಸುತ್ತಾ, ಸೆರೆಮನೆಯವರನ್ನೂ ಬಡವರನ್ನೂ ನೋಡಿಕೊಳ್ಳುತ್ತಾ ಇದ್ದರು. ಮಿಕ್ಕ ವಿದ್ಯಾರ್ಥಿಗಳು ಇದನ್ನು ಕಂಡು ನಕ್ಕು, ಎಲ್ಲವನ್ನೂ ಕ್ರಮ ಹಿಡಿದು ಮಾಡುವವರು ಎಂಬ ಅರ್ಥದಲ್ಲಿ ಮೆಥೊಡಿಸ್ಟರು ಎಂದು ಹಾಸ್ಯ ಮಾಡಿದರು. ಆ ಹಾಸ್ಯದ ಮಾತೇ ಇಂದು ನಮ್ಮ ದೇವಾಲಯಗಳ ಹಲಗೆಯ ಮೇಲೆ ಬರೆದಿರುವ ಹೆಸರು. ಹಲಗೆಯ ಮೇಲೆ ಕ್ರಮವಿದ್ದು ಮನೆಯೊಳಗೆ ಕ್ರಮವಿಲ್ಲದಿದ್ದರೆ, ಆ ಹೆಸರಿಗೆ ನಾವು ಯಾವ ಉತ್ತರ ಕೊಡೋಣ?

ಇಲ್ಲಿ ಒಂದು ಎಚ್ಚರಿಕೆಯ ಮಾತೂ ಅವಶ್ಯ. ಓದಿದ್ದರಿಂದಲೇ ರಕ್ಷಣೆಯಾಗುವದಿಲ್ಲ. ಇಷ್ಟು ಅಧ್ಯಾಯ ಓದಿದೆನು, ಇಷ್ಟು ಹೊತ್ತು ಮೊಣಕಾಲೂರಿದೆನು ಎಂದು ಲೆಕ್ಕ ಇಡುವವನು ಪುಣ್ಯ ಕೂಡಿಸುವ ಹಳೆಯ ವ್ಯಾಪಾರವನ್ನೇ ಹೊಸ ಅಂಗಡಿಯಲ್ಲಿ ನಡಿಸುತ್ತಾನೆ. ಜಾನ್ ವೆಸ್ಲಿಯು ಆ ಕ್ರಮವನ್ನು ಒಂಬತ್ತು ವರುಷ ಹಿಡಿದು ನಡೆದರೂ ಅವನ ಹೃದಯಕ್ಕೆ ಸಮಾಧಾನ ದೊರಕಲಿಲ್ಲ. 1738ನೇ ಇಸವಿಯ ಮೇ 24ರಂದು ಬೆಳಿಗ್ಗೆ ಐದು ಗಂಟೆಯ ಸುಮಾರಿಗೆ ಅವನು ಹೊಸ ಒಡಂಬಡಿಕೆಯನ್ನು ತೆರೆದಾಗ, ಪೇತ್ರನ ಎರಡನೆಯ ಪತ್ರಿಕೆಯ ಮೊದಲನೆಯ ಅಧ್ಯಾಯದಲ್ಲಿ ದೇವರ ಅಮೂಲ್ಯ ವಾಗ್ದಾನಗಳನ್ನು ಕುರಿತ ವಚನವು ಕಣ್ಣಿಗೆ ಬಿತ್ತು. ಅದೇ ಸಾಯಂಕಾಲ ಲಂಡನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಚಿಕ್ಕ ಕೂಟಕ್ಕೆ ಮನಸ್ಸಿಲ್ಲದ ಮನಸ್ಸಿನಿಂದ ಹೋದನು. ಅಲ್ಲಿ ಒಬ್ಬನು, ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರನು ಬರೆದ ಪೀಠಿಕೆಯನ್ನು ಓದುತ್ತಿದ್ದನು. ಅದನ್ನು ಕೇಳುತ್ತಿರುವಾಗಲೇ ಕ್ರಿಸ್ತನು ತನ್ನ ಪಾಪಗಳನ್ನೇ ತೆಗೆದುಹಾಕಿದ್ದಾನೆಂಬ ಭರವಸೆಯು ಅವನಿಗೆ ಉಂಟಾಯಿತು. ಹಾಗಾದರೆ ಒಂಬತ್ತು ವರುಷದ ಕ್ರಮವು ವ್ಯರ್ಥವೋ? ಅಲ್ಲ. ಹೊಲವನ್ನು ಹರಗಿದ್ದರಿಂದ ಮಳೆ ಬರುವದಿಲ್ಲ. ಆದರೆ ಮಳೆ ಬಂದ ದಿನ ಹರಗಿದ ಹೊಲವೇ ನೀರು ಕುಡಿಯುತ್ತದೆ. ಇದು ನಮ್ಮ ಕರಿ ಮಣ್ಣಿನ ಒಕ್ಕಲಿಗರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ. ಇನ್ನೊಂದನ್ನೂ ಗಮನಿಸಿರಿ: ಆ ಸಾಯಂಕಾಲ ಓದಿದವನು ಯಾರೆಂದು ವೆಸ್ಲಿಯು ತನ್ನ ದಿನಚರಿಯಲ್ಲಿ ಹೆಸರು ಹೇಳಿಲ್ಲ.

ಹೆಸರಿಲ್ಲದ ಆ ಓದುವವನ ಮಾತನ್ನು ನಾನು ಬೇಕೆಂದೇ ಎತ್ತಿದೆನು. ಯಾಕಂದರೆ ನಮ್ಮಲ್ಲಿ ಅನೇಕರು, ನಮಗೆ ಓದು ಬಾರದು, ಸತ್ಯವೇದದ ಅಭ್ಯಾಸವು ಕಲಿತವರ ಕೆಲಸ ಎಂದು ಹೇಳುತ್ತಾರೆ. ಇದು ಸುಳ್ಳು ನೆವವಲ್ಲ. 2011ರ ಜನಗಣತಿಯ ಪ್ರಕಾರ ಬೀದರ ಜಿಲ್ಲೆಯಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು 70 ಮಂದಿ ಮಾತ್ರ. 1948ರ ವರೆಗೆ ನಿಜಾಮರ ಆಳಿಕೆಯಲ್ಲಿ ಕಚೇರಿಯ ಭಾಷೆ ಉರ್ದು. ಶಾಲೆಗೆ ಹೋದವರು ಕಡಿಮೆ, ಹೋದವರಲ್ಲಿಯೂ ಕನ್ನಡ ಅಕ್ಷರ ಕಲಿತವರು ಇನ್ನೂ ಕಡಿಮೆ. 1956ರಲ್ಲಿ ಈ ಭಾಗವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆಯೇ ಕನ್ನಡ ಶಾಲೆಗಳು ಹೆಚ್ಚಿದವು. ಆದದರಿಂದ ನಮ್ಮ ಅನೇಕ ಮನೆಗಳಲ್ಲಿ ಅಜ್ಜಿಗೆ ಅಕ್ಷರ ಬಾರದು, ತಾಯಿಗೆ ಅರ್ಧ ಬರುತ್ತದೆ, ಮೊಮ್ಮಗಳು ಸರಾಗವಾಗಿ ಓದುತ್ತಾಳೆ. ಹೀಗಿರುವಲ್ಲಿ ದೇವರು ಆ ಮನೆಗೆ ಓದುವವಳನ್ನು ಕೊಟ್ಟಿಲ್ಲವೆಂದು ಹೇಗೆ ಹೇಳೋಣ? ನಂಬಿಕೆಯು ಕೇಳುವದರಿಂದ ಹುಟ್ಟುತ್ತದೆಂದು ಅಪೊಸ್ತಲನು ರೋಮಾಪುರದವರಿಗೆ ಬರೆದನೇ ಹೊರತು, ಅಕ್ಷರ ಬಲ್ಲವರಿಗೆ ಮಾತ್ರ ಹುಟ್ಟುತ್ತದೆಂದು ಬರೆಯಲಿಲ್ಲ. ಹುಡುಗಿಯು ಓದಲಿ, ಅಜ್ಜಿಯು ಕೇಳಲಿ. ಕೇಳಿ ಸುಮ್ಮನಿರಬಾರದು; ಅದು ಹಾಗೇಕೆ, ಇವನು ಹೀಗೇಕೆ ಮಾಡಿದನು ಎಂದು ಪ್ರಶ್ನೆ ಹಾಕಲಿ. ಅಕ್ಷರ ಬಾರದ ಅಜ್ಜಿಯರ ಪ್ರಶ್ನೆಗಳು ಕೆಲವು ವೇಳೆ ಪಾಸ್ಟರರನ್ನೂ ತಡವರಿಸುವಂತೆ ಮಾಡುತ್ತವೆ; ಅದು ಸಭೆಗೆ ಆರೋಗ್ಯದ ಗುರುತು. ತಿಮೊಥೆಯನ ನಂಬಿಕೆಯು ಅವನ ಅಜ್ಜಿಯಾದ ಲೋವಿಯಲ್ಲಿಯೂ ತಾಯಿಯಾದ ಯೂನಿಕೆಯಲ್ಲಿಯೂ ಮೊದಲು ವಾಸವಾಗಿತ್ತೆಂಬದನ್ನು ಮರೆಯಬೇಡಿರಿ.

ಕರ್ತನಾದ ಯೇಸುವನ್ನು ನೋಡಿರಿ. ಅಡವಿಯಲ್ಲಿ ಸೈತಾನನು ಶೋಧಿಸಿದಾಗ ಆತನ ಕೈಯಲ್ಲಿ ಗ್ರಂಥದ ಸುರುಳಿಯು ಇತ್ತೆಂದು ಎಲ್ಲಿಯೂ ಬರೆದಿಲ್ಲ. ಮೂರು ಸಾರಿಯೂ ಧರ್ಮೋಪದೇಶಕಾಂಡದ ಮಾತುಗಳಿಂದ ಉತ್ತರ ಕೊಟ್ಟನು. ಆ ಮಾತುಗಳು ಆತನ ಹೃದಯದಲ್ಲಿದ್ದವು. ಅಕ್ಷರ ಬಾರದಿದ್ದರೂ ಬೀಸುಕಲ್ಲಿನ ಪದಗಳನ್ನು ನೂರಾರು ಕಂಠಪಾಠ ಮಾಡಿದ ನಮ್ಮ ತಾಯಂದಿರಿಗೆ ವಾರಕ್ಕೆ ಒಂದು ವಚನವು ಭಾರವೇ?

ಯಾವ ಭಾಷೆಯಲ್ಲಿ ಓದಬೇಕೆಂಬದೂ ಗಡಿನಾಡಿನ ನಮಗೆ ಸಣ್ಣ ಪ್ರಶ್ನೆಯಲ್ಲ. ಪೇಟೆಯಲ್ಲಿ ಮರಾಠಿ, ಬಸ್ಸಿನಲ್ಲಿ ಉರ್ದು ಹಿಂದಿ, ಧಾರೂರಿನಲ್ಲಿ ತೆಲುಗು, ಮಕ್ಕಳ ಶಾಲೆಯಲ್ಲಿ ಇಂಗ್ಲಿಷು. ಯಾವ ಭಾಷೆಯಲ್ಲಿ ನೀವು ಅಳುತ್ತೀರೋ ಆ ಭಾಷೆಯಲ್ಲಿ ಓದಿರಿ. ಕಲ್ಯಾಣದ ನೆಲಕ್ಕೆ ಇದು ಹೊಸ ಮಾತಲ್ಲ. 12ನೇ ಶತಮಾನದಲ್ಲಿ ಬಸವಣ್ಣನವರ ಕಾಲದ ಶರಣರು, ಮಡಿವಾಳರೂ ಅಂಬಿಗರೂ ಸಮಗಾರರೂ ಕೂಡ, ದೇವರ ವಿಷಯವನ್ನು ಮನೆಮಾತಾದ ಕನ್ನಡದಲ್ಲಿಯೇ ಆಡಿದರು. ನಮ್ಮ ನಂಬಿಕೆ ಬೇರೆಯಾದರೂ ಈ ಊರು ಆ ಪಾಠವನ್ನು ನಮಗಿಂತ ಮುಂಚೆ ಕಲಿತಿತ್ತೆಂದು ಒಪ್ಪಿಕೊಳ್ಳುವದು ನ್ಯಾಯ. ಕನ್ನಡ ಸತ್ಯವೇದವಾದರೋ ಅಗ್ಗವಾಗಿ ಬಂದದ್ದಲ್ಲ. ಲಂಡನ್ ಮಿಷನಿನ ಜಾನ್ ಹ್ಯಾಂಡ್ಸ್ ಎಂಬವನು 1810ರಲ್ಲಿ ಬಳ್ಳಾರಿಗೆ ಬಂದು ಭಾಷೆ ಕಲಿಯತೊಡಗಿದನು. ಪೂರ್ಣ ಸತ್ಯವೇದವು ಕನ್ನಡದಲ್ಲಿ ಸಿದ್ಧವಾದದ್ದು 1831ರಲ್ಲಿ. ಒಂದು ಮನುಷ್ಯನ ಯೌವನವೆಲ್ಲಾ ಸವೆದು ಬಂದ ಗ್ರಂಥವನ್ನು ನಾವು ಬಟ್ಟೆ ಸುತ್ತಿ ಗೂಡಿನಲ್ಲಿಟ್ಟು ಕ್ರಿಸ್ಮಸ್ಸಿಗೆ ಧೂಳು ಒರಸುತ್ತೇವೆ.

ಈಗ ಬೆರೋಯದವರ ಕಡೆಗೆ ತಿರುಗೋಣ. ಥೆಸಲೊನೀಕದಿಂದ ಓಡಿಬಂದ ಪೌಲನೂ ಸೀಲನೂ ಅವರಿಗೆ ಸುವಾರ್ತೆಯನ್ನು ಸಾರಿದರು. ಅವರು ಅದನ್ನು ಸಿದ್ಧಮನಸ್ಸಿನಿಂದ ಅಂಗೀಕರಿಸಿದರು. ಆದರೂ ಪೌಲನು ಹೇಳಿದ್ದು ಹೌದೋ ಅಲ್ಲವೋ ಎಂದು ದಿನಾಲೂ ಶಾಸ್ತ್ರಗಳನ್ನು ಶೋಧಿಸಿದರು. ಲೂಕನು ಇದನ್ನು ಅವಿಶ್ವಾಸವೆಂದು ದೂರದೆ, ಅವರ ಒಳ್ಳೇ ಗುಣವೆಂದು ಹೊಗಳುತ್ತಾನೆ. ಅಪೊಸ್ತಲನ ಮಾತನ್ನೇ ಪರೀಕ್ಷಿಸಬಹುದಾದರೆ, ಇಂದು ಕೈಯೊಳಗಿನ ಫೋನಿನಲ್ಲಿ ಬರುವ ಬೋಧಕರ ಮಾತನ್ನು ಪರೀಕ್ಷಿಸಬಾರದೋ? ಆ ಫೋನಿನಲ್ಲಿ ಕನ್ನಡ ಸತ್ಯವೇದವನ್ನೇ ಓದಿ ಕೇಳಿಸುವ ಅನುಕೂಲವೂ ಉಂಟು. ಓದು ಬಾರದವರಿಗೆ ಅದು ದೊಡ್ಡ ಉಪಕಾರ. ಆದರೆ ಹಣ ಕಳುಹಿಸಿದರೆ ರೋಗ ವಾಸಿಯಾಗುವದೆನ್ನುವವರೂ, ಔಷಧ ತಕ್ಕೊಳ್ಳುವದು ಅವಿಶ್ವಾಸವೆನ್ನುವವರೂ ಅದೇ ಫೋನಿನೊಳಗೆ ಬರುತ್ತಾರೆ. ಅಂಥವರ ಮಾತಿಗೆ ಗುಳಿಗೆ ಬಿಟ್ಟ ರೋಗಿಯ ಗತಿ ಏನು? ದಿನಾಲೂ ಸುವಾರ್ತೆಯನ್ನು ಓದುವ ಮನೆಯವರು, ಕರ್ತನು ಯಾವ ರೋಗಿಯಿಂದಲೂ ಹಣ ಕೇಳಲಿಲ್ಲವೆಂಬದನ್ನೂ, ರೋಗಿಗಳಿಗೆ ವೈದ್ಯನು ಬೇಕೆಂದು ತಾನೇ ಹೇಳಿದನೆಂಬದನ್ನೂ ಬಲ್ಲವರಾಗಿ ಸುಲಭವಾಗಿ ಮೋಸಹೋಗುವದಿಲ್ಲ.

ಮಾರ್ಕನ ಸುವಾರ್ತೆಯಿಂದ ಆರಂಭಿಸುವದು ಒಳ್ಳೇದು. ಅದು 16 ಅಧ್ಯಾಯ. ದಿನಕ್ಕೆ ಅರ್ಧ ಅಧ್ಯಾಯ ಓದಿದರೆ ಒಂದು ತಿಂಗಳ ಮೇಲೆ ಸ್ವಲ್ಪದರಲ್ಲಿ ಮುಗಿಯುತ್ತದೆ. ನಿಧಾನವಾಗಿ, ಬಾಯಿಬಿಟ್ಟು ಓದಿರಿ. ಓದಿದ ಮೇಲೆ ಪುಸ್ತಕವನ್ನು ಮುಚ್ಚುವ ಮುಂಚೆಯೇ ಪ್ರಾರ್ಥಿಸಿರಿ, ಓದಿದ ಸಂಗತಿಯಿಂದಲೇ ಪ್ರಾರ್ಥಿಸಿರಿ. ಕುಷ್ಠರೋಗಿಯ ಸಂಗತಿ ಓದಿದ ದಿನ, ನಾವು ಯಾರನ್ನು ಮುಟ್ಟದೆ ದೂರ ಇಟ್ಟಿದ್ದೇವೋ ಅವರನ್ನು ನೆನಸಿರಿ. ನಮ್ಮಲ್ಲಿ ಅನೇಕರ ಪೂರ್ವಿಕರು ಹಾಗೆ ದೂರ ಇಡಲ್ಪಟ್ಟವರೇ. ಆ ಪ್ರಾರ್ಥನೆಯು ನಮ್ಮ ಬಾಯಲ್ಲಿ ಬರೀ ಮಾತಾಗಲಾರದು. ಬಿರುಗಾಳಿಯ ಸಂಗತಿ ಓದಿದ ದಿನ ಮನೆಯ ಸಾಲದ ವಿಷಯವನ್ನು ಮುಚ್ಚಿಡದೆ ಕರ್ತನಿಗೆ ಹೇಳಿರಿ. ವಾಕ್ಯವಿಲ್ಲದ ಪ್ರಾರ್ಥನೆಯು ಬೇಗ ಬೇಡಿಕೆಗಳ ಪಟ್ಟಿಯಾಗುತ್ತದೆ. ಪ್ರಾರ್ಥನೆಯಿಲ್ಲದ ಓದು ಪರೀಕ್ಷೆಯ ಪಾಠವಾಗುತ್ತದೆ.

ತೊಗರಿಗೆ ನೆಟೆರೋಗ ಬಿದ್ದು ಹೂವಿನಲ್ಲಿಯೇ ಗಿಡ ಒಣಗಿದ ವರ್ಷದಲ್ಲಿ ಹಬಕ್ಕೂಕನ ಮೂರನೆಯ ಅಧ್ಯಾಯವನ್ನು ಹೊಸದಾಗಿ ಹುಡುಕುವದು ಕಷ್ಟ. ಅಂಜೂರವು ಚಿಗುರದಿದ್ದರೂ ಹೊಲವು ಬೆಳೆ ಕೊಡದಿದ್ದರೂ ದೇವರಲ್ಲಿ ಸಂತೋಷಿಸುವೆನೆಂದು ಆ ಪ್ರವಾದಿಯು ಹೇಳಿದ ಮಾತು ಬೆಳೆ ಚೆನ್ನಾಗಿದ್ದಾಗಲೇ ಬಾಯಿಗೆ ಬಂದಿರಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವನಿಗೆ ನೀರು ಸಿಕ್ಕೀತೇ?

ಕಡೆಗೆ, ದುಡಿಮೆಗಾಗಿ ಹೈದರಾಬಾದಿಗೂ ಪುಣೆಗೂ ಹೋದ ಗಂಡಸರ ಮನೆಗಳಿಗೆ ಒಂದು ಮಾತು. ಮನೆಯ ಯಜಮಾನನು ಇಲ್ಲದಾಗ ಕುಟುಂಬ ಪ್ರಾರ್ಥನೆ ನಡಿಸುವವರು ಯಾರೆಂದು ಕೆಲವರು ಕೇಳುತ್ತಾರೆ. ವೆಸ್ಲಿಯ ತಾಯಿಯಾದ ಸುಸಾನಳಿಗೂ ಇದೇ ಪ್ರಶ್ನೆ ಎದುರಾಯಿತು. 1711–12ರ ಚಳಿಗಾಲದಲ್ಲಿ ಪಾದ್ರಿಯಾದ ಅವಳ ಗಂಡನು ಲಂಡನಿಗೆ ಹೋಗಿದ್ದಾಗ, ಅವಳು ಎಪ್‌ವರ್ತ್ ಎಂಬ ಹಳ್ಳಿಯ ಮನೆಯ ಅಡಿಗೆಕೋಣೆಯಲ್ಲಿ ಆದಿತ್ಯವಾರ ಸಾಯಂಕಾಲ ಮಕ್ಕಳಿಗೂ ಆಳುಗಳಿಗೂ ಪ್ರಸಂಗ ಓದಿ ಪ್ರಾರ್ಥಿಸುತ್ತಿದ್ದಳು. ನೆರೆಯವರು ಕೇಳಿ ಬಂದರು. ಬರುತ್ತಾ ಬರುತ್ತಾ ಇನ್ನೂರು ಮಂದಿಯಾದರು. ಸಹಾಯಕ ಪಾದ್ರಿಯು ದೂರು ಬರೆದನು, ಗಂಡನು ನಿಲ್ಲಿಸೆಂದು ಬರೆದನು. ಅವಳು ಉತ್ತರವಾಗಿ, ನಿಲ್ಲಿಸಬೇಕೆಂದು ನಿಮ್ಮ ಇಚ್ಛೆಯೆಂದು ಬರೆಯಬೇಡಿರಿ, ಸ್ಪಷ್ಟವಾದ ಅಪ್ಪಣೆಯನ್ನೇ ಕೊಡಿರಿ, ನ್ಯಾಯತೀರ್ಪಿನ ದಿನ ಈ ಆತ್ಮಗಳ ವಿಷಯದಲ್ಲಿ ನಾನು ದೋಷಿಯಾಗದಿರಲಿ, ಎಂಬರ್ಥದಲ್ಲಿ ಬರೆದಳು. ಆ ಅಪ್ಪಣೆಯು ಬರಲಿಲ್ಲ. ಆಗ ಜಾನನು ಎಂಟು ವರುಷದ ಹುಡುಗನಾಗಿ ಅದೇ ಅಡಿಗೆಕೋಣೆಯಲ್ಲಿ ಕೂತಿದ್ದನು.

ಆದದರಿಂದ ತಾಯಂದಿರೇ, ಯಜಮಾನರು ದೀಪಾವಳಿಗೆ ಬರುವ ತನಕ ಕಾಯಬೇಡಿರಿ. ಇಂದು ರಾತ್ರಿ ಒಲೆ ಆರಿಸಿದ ಮೇಲೆ ಮಾರ್ಕನ ಮೊದಲನೆಯ ಅಧ್ಯಾಯವನ್ನು ಮಗಳಿಂದ ಓದಿಸಿರಿ. ಫೋನು ಮಾಡಿದಾಗ ಅವರಿಗೂ ಯಾವ ಅಧ್ಯಾಯವೆಂದು ಹೇಳಿರಿ, ಅವರು ಅಲ್ಲಿ ತಮ್ಮ ಗುಡಿಸಲಿನಲ್ಲಿ ಅದನ್ನೇ ಓದಲಿ. ಕಬ್ಬು ಕಡಿಯುವದಕ್ಕೆ ಮನೆಮಂದಿಯೆಲ್ಲಾ ಹೊರಡುವವರು ಜೋಳದ ಹಿಟ್ಟಿನ ಚೀಲದ ಸಂಗಡ ಒಂದು ಸುವಾರ್ತೆಯ ಪುಸ್ತಕವನ್ನೂ ಗಾಡಿಯಲ್ಲಿ ಹಾಕಿಕೊಳ್ಳಿರಿ. ಅದು ಹೆಚ್ಚು ಜಾಗ ಹಿಡಿಯುವದಿಲ್ಲ.