ಮೆಟ್ಟಿಲುಗಳೂ ಷಡ್ಜವೂ

ಆಷಾಢದ ಮಳೆ ಬಿಡದೆ ಹೊಯ್ಯುತ್ತಿದ್ದ ಒಂದು ಸಂಜೆ, ಕೋಲಸಿರ್ಸಿಯ ನಮ್ಮ ಮನೆಯ ಜಗುಲಿಯಲ್ಲಿ, ಬೆಂಗಳೂರಿನಿಂದ ರಜೆಗೆಂದು ಬಂದಿದ್ದ ನನ್ನ ಸೋದರಳಿಯನು ಗಿಟಾರನ್ನು ತೊಡೆಯ ಮೇಲೆ ಇರಿಸಿಕೊಂಡು, ಒಂದೇ ಸ್ವರಪಂಕ್ತಿಯನ್ನು ಏರಿಸುವುದೂ ಇಳಿಸುವುದೂ ಆಗಿ ದೀಪ ಹಚ್ಚುವ ಹೊತ್ತಿನವರೆಗೂ ಕುಳಿತಿದ್ದನು. ಅವನ ಎಡಗೈಯ ನಾಲ್ಕು ಬೆರಳುಗಳು ಐದನೆಯ ಮೆಟ್ಟಿಲಿನಿಂದ ಎಂಟನೆಯದರವರೆಗಿನ ಅಂಗೈಯಗಲದ ಒಂದು ಪ್ರಾಂತವನ್ನು ಬಿಟ್ಟು ಹೊರಗೆ ಕಾಲಿಡುತ್ತಿರಲಿಲ್ಲ. ತಂತಿಗೆ ಎರಡರಂತೆ ಆರು ತಂತಿಗಳಲ್ಲಿ ಹನ್ನೆರಡು ಸ್ಥಾನಗಳು. ಅವುಗಳನ್ನು ಮುಟ್ಟಿ ಬಂದ ಬೆರಳ ತುದಿಗಳಲ್ಲಿ ತಂತಿಯ ಗೀರು ಕೆಂಪಗೆ ಮೂಡಿತ್ತು. ಪಾಶ್ಚಾತ್ಯರು ಪೆಂಟಾಟಾನಿಕ್ ಎಂದು ಕರೆಯುವ, ನಮ್ಮವರು ಔಡವವೆಂದು ಹೆಸರಿಟ್ಟ ಐದು ಸ್ವರಗಳ ಶ್ರೇಣಿಯದು. ಕೊನೆಗೆ ಬೇಸತ್ತು ಕೈಯನ್ನು ಕೊಡವಿ, "ಮಾವಾ, ಇದ್ನೆಲ್ಲ ಎಂತಕ್ಕೆ ಕಲಿಯವು?" ಎಂದು ಕೇಳಿದನು.

ಪ್ರಶ್ನೆ ಸೋಮಾರಿಯದಾಗಿರಲಿಲ್ಲ. ಅವನಿಗೆ ಬೇಕಾಗಿದ್ದುದು ಸೋಲೋ. ಅಂದರೆ ಜೊತೆಯ ವಾದ್ಯಗಳೆಲ್ಲ ತುಸು ಹಿಂದೆ ಸರಿದು ಒಬ್ಬನಿಗೇ ಎಡೆಮಾಡಿಕೊಟ್ಟಾಗ, ಮುಂಚೆ ಬರೆದಿಡದ, ಆ ಕ್ಷಣಕ್ಕೆ ತನ್ನಿಂದಲೇ ಹೊಮ್ಮಬೇಕಾದ ನುಡಿಸಾಣಿಕೆ. ತನ್ನದಾದುದನ್ನು ನುಡಿಸುವುದಕ್ಕೆ ಪರರು ಕಟ್ಟಿಟ್ಟ ಕಟ್ಟಳೆಯನ್ನು ಏಕೆ ಕಲಿಯಬೇಕು, ಕಲಿತ ಮೇಲೆ ಹೊಮ್ಮುವುದು ತನ್ನದೋ ಕಟ್ಟಳೆಯದೋ ಎಂಬುದು ಅವನ ಶಂಕೆ. ಗಿಟಾರಿನ ನೆವದಲ್ಲಿ ಆ ಹುಡುಗನು ಧರ್ಮಜಿಜ್ಞಾಸೆಯ ಅತಿ ಪುರಾತನವಾದ ಪ್ರಶ್ನೆಯೊಂದನ್ನೇ ಎತ್ತಿದ್ದನು. ವಿಧಿಯು ಮನುಷ್ಯನನ್ನು ಬಿಡಿಸುತ್ತದೆಯೋ, ಬಂಧಿಸುತ್ತದೆಯೋ?

ಅವನ ಮಡಿಲಲ್ಲಿದ್ದ ವಾದ್ಯವೇ ಒಂದು ವಿಧಿಗ್ರಂಥವೆಂದರೆ ತಪ್ಪಾಗಲಾರದು. ತಂತಿಯ ಸರಿನಡುವಿಗೆ ಹನ್ನೆರಡನೆಯ ಮೆಟ್ಟಿಲು. ಅಲ್ಲಿ ಒತ್ತಿದರೆ ತಾರಷಡ್ಜ. ಅಲ್ಲಿಯವರೆಗಿನ ಹಾದಿಯನ್ನು ಸಮಪ್ರಮಾಣದ ಹನ್ನೆರಡು ಹೆಜ್ಜೆಗಳಾಗಿ ಹಂಚಿರುವುದರಿಂದ, ಒಂದೊಂದು ಮೆಟ್ಟಿಲು ಏರಿದಾಗಲೂ ಮಿಡಿಯುವ ತಂತಿ ತನ್ನ ಉದ್ದದ ಸುಮಾರು 18ನೆಯ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ. ಈ ಹನ್ನೆರಡರಲ್ಲಿ ಎರಡು, ಎರಡು, ಒಂದು, ಎರಡು, ಎರಡು, ಎರಡು, ಒಂದು ಎಂಬ ನಡೆಯಲ್ಲಿ ಸಾಗಿದರೆ ಅವರ ಮೇಜರ್ ಸ್ಕೇಲ್, ನಮ್ಮ ಬಿಲಾವಲ್ ಅಥವಾ ಶಂಕರಾಭರಣದ ಮೇಳ. ಅದರ ಒಂದು, ಮೂರು, ಐದನೆಯ ಸ್ವರಗಳನ್ನು ಒಮ್ಮೆಗೇ ಮೀಟಿದರೆ ಕಾರ್ಡ್. ವಿಷಯ ಇಷ್ಟೇ, ಒಂದು ಹಾಳೆಯಲ್ಲಿ ಬರೆದು ಮುಗಿಸಬಹುದು. ಇಷ್ಟನ್ನು ಕೈಗೆ ಇಳಿಸುವುದಕ್ಕೆ ಮಾತ್ರ ವರ್ಷಗಳು ಸಲ್ಲುತ್ತವೆ.

ಶಾಸ್ತ್ರವು ಮೊದಲೋ ಪ್ರಯೋಗವು ಮೊದಲೋ ಎಂದು ಕೇಳಿದರೆ ಹುಡುಗನ ಶಂಕೆಗೆ ಮತ್ತಷ್ಟು ಬಲ ಬರುತ್ತದೆ. ನಮ್ಮ ನೆರೆಯ ಸೋದೆಯ ನೆಲ ಇದಕ್ಕೆ ಸಾಕ್ಷಿ. ಸುಧಾಪುರವೆಂದು ಹೆಸರಾಂತ ಆ ಊರಿನ ಜೈನ ಮಠದ ಪರಂಪರೆಗೆ ಸೇರಿದ ಭಟ್ಟಾಕಲಂಕದೇವನು 1604ರಲ್ಲಿ 'ಕರ್ಣಾಟಕ ಶಬ್ದಾನುಶಾಸನ'ವನ್ನು ರಚಿಸಿ, 592 ಸಂಸ್ಕೃತ ಸೂತ್ರಗಳಲ್ಲಿ ಕನ್ನಡಕ್ಕೆ ವ್ಯಾಕರಣವನ್ನು ಬಿಗಿದನು. ಆದರೆ ಬನವಾಸಿಯನ್ನು ನೆನೆನೆನೆದು ಪಂಪನು ಕಾವ್ಯವನ್ನು ಕಟ್ಟಿದುದು ಅದಕ್ಕೆ ಆರು ಶತಮಾನಗಳಿಗೂ ಹಿಂದೆ, 941ರ ಸುಮಾರಿಗೆ. ಪಂಪನು ಭಟ್ಟಾಕಲಂಕನನ್ನು ಓದಿ ಬರೆದವನಲ್ಲ; ವೈಯಾಕರಣನೇ ಕವಿಗಳ ಪ್ರಯೋಗವನ್ನು ಕಂಡು ಸೂತ್ರವನ್ನು ಕಟ್ಟಿದವನು. ಲಕ್ಷ್ಯವು ಮುಂದೆ, ಲಕ್ಷಣವು ಹಿಂದೆ. ರಾಗಗಳು ಮೊದಲು ಜನರ ಕೊರಳಲ್ಲಿದ್ದವು. ವಿಜಯನಗರದ ರಾಮಾಮಾತ್ಯನು 1550ರಲ್ಲಿ 'ಸ್ವರಮೇಳಕಲಾನಿಧಿ'ಯನ್ನು ಬರೆದು ಅವನ್ನು ಮೇಳಗಳಾಗಿ ವಿಂಗಡಿಸಿ, ವೀಣೆಯ ಮೆಟ್ಟಿಲುಗಳಿಗೆ ನೆಲೆ ಗೊತ್ತುಮಾಡಿದುದು ಆಮೇಲಿನ ಮಾತು.

ಹಾಗಾದರೆ ನಾವೂ ಲಕ್ಷಣವನ್ನು ಬಿಟ್ಟು ಲಕ್ಷ್ಯಕ್ಕೇ ಇಳಿಯಬಾರದೆ? ಇಲ್ಲಿ ಒಂದು ಸೂಕ್ಷ್ಮವುಂಟು. ಪಂಪನ ಮುಂದೆ ಈ ಸೂತ್ರಗಳು ಇರಲಿಲ್ಲವೆಂಬ ಮಾತ್ರಕ್ಕೆ ಅವನ ನುಡಿಯಲ್ಲಿ ನಿಯಮವಿರಲಿಲ್ಲವೆಂದಾಗುವುದಿಲ್ಲ. ಅಲ್ಲಿ ನಿಯಮವಿದ್ದುದರಿಂದಲೇ ವೈಯಾಕರಣನಿಗೆ ಅದು ಸಿಕ್ಕಿತು. ಮಗು ತಾಯಿಯ ಮಡಿಲಲ್ಲಿ ವಿಭಕ್ತಿಪ್ರತ್ಯಯಗಳನ್ನು ಹೆಸರರಿಯದೆ ಕಲಿಯುತ್ತದೆ. ಸಂಗೀತದ ಮನೆಯಲ್ಲಿ ಹುಟ್ಟಿ ಬೆಳೆದವನಿಗೂ ಸ್ವರಗಳು ಹಾಗೆಯೇ ಬಂದುಬಿಡುತ್ತವೆ. ಆ ಮಡಿಲು ದೊರೆಯದವನಿಗೆ, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಪರದೇಶದ ವಾದ್ಯವನ್ನು ಕೈಗೆತ್ತಿಕೊಂಡವನಿಗೆ, ಸೂತ್ರವೇ ಸಾಕುತಾಯಿ. ಶಾಸ್ತ್ರವಿರುವುದು ಹಾದಿ ತಿಳಿಯದವನಿಗಾಗಿಯೇ ಹೊರತು ಊರು ಸೇರಿದವನಿಗಾಗಿ ಅಲ್ಲ.

ಆದರೂ ಅವನು ಕೇಳಿದುದು ಕಲಿಕೆಯ ಸೌಕರ್ಯವನ್ನಲ್ಲ, ಸ್ವಾತಂತ್ರ್ಯವನ್ನು. ಇದಕ್ಕೆ ಉತ್ತರವನ್ನು ಹುಡುಕಲು ನಾನು ಅವನನ್ನು ನಮ್ಮ ಸೀಮೆಯ ತಾಳಮದ್ದಳೆಯ ಕೂಟಕ್ಕೆ ಮನಸ್ಸಿನಲ್ಲಿಯೇ ಕರೆದೊಯ್ದೆನು. ಮಳೆಗಾಲದ ರಾತ್ರಿ, ದೇವಸ್ಥಾನದ ಚಂದ್ರಶಾಲೆಯಲ್ಲಿಯೋ ಯಾರದಾದರೂ ಮನೆಯ ಹೆಬ್ಬಾಗಿಲ ಜಗುಲಿಯಲ್ಲಿಯೋ ಕೂಟ ಸೇರುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತನು ಪದ್ಯವನ್ನು ಹಾಡುತ್ತಾನೆ, ಮದ್ದಳೆ ನುಡಿಯುತ್ತದೆ, ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಆ ಪದ್ಯದ ಮೇಲೆ ಮಾತನ್ನು ಕಟ್ಟುತ್ತ ಹೋಗುತ್ತಾರೆ. ಪದ್ಯ ಬರೆದಿಟ್ಟದ್ದು, ಅರ್ಥ ಬರೆದಿಟ್ಟದ್ದಲ್ಲ. ಕೃಷ್ಣಸಂಧಾನದ ಕೌರವನು ಎಷ್ಟೇ ಪ್ರಚಂಡವಾಗಿ ವಾದಿಸಿ, ಕೃಷ್ಣನ ಬಾಯಿಯನ್ನೇ ಕಟ್ಟಿಸಿ, ಸಭೆಯನ್ನೆಲ್ಲ ತನ್ನ ಕಡೆಗೆ ಒಲಿಸಿಕೊಂಡರೂ, ಸಂಧಾನ ಮುರಿಯಲೇಬೇಕು, ಯುದ್ಧ ಆಗಲೇಬೇಕು. ಕಥೆಯನ್ನು ತಿದ್ದುವ ಅಧಿಕಾರ ಅವನಿಗಿಲ್ಲ. ಮುಂದಿನ ಪದ್ಯಕ್ಕೆ ಭಾಗವತನು ತಾಳವನ್ನು ಎತ್ತಿದನೆಂದರೆ, ತನ್ನ ಮಾತು ಎಲ್ಲಿಯೇ ಅಲೆಯುತ್ತಿರಲಿ, ಅದನ್ನು ಹೊಸ ಪದ್ಯದ ಬಾಗಿಲಿಗೆ ತಂದು ನಿಲ್ಲಿಸಬೇಕು. ಗಿಟಾರಿನವನಿಗೆ ಕಾರ್ಡು ಬದಲಾಗುವುದೂ ಇದೇ ಬಗೆಯದು: ಹಿಮ್ಮೇಳ ಹೊಸ ಕಾರ್ಡಿಗೆ ಸರಿದ ಗಳಿಗೆಗೆ ಸರಿಯಾಗಿ ಅವನ ಸ್ವರ ಆ ಕಾರ್ಡಿನ ಸ್ವರಗಳಲ್ಲಿ ಒಂದರ ಮೇಲೆ ಬಂದಿಳಿದರೆ ಕೇಳುವವನು ತಲೆದೂಗುತ್ತಾನೆ.

ಪುರಾಣವನ್ನರಿಯದವನೊಬ್ಬನನ್ನು ಆ ಕೂಟದಲ್ಲಿ ಕೂರಿಸಿ, ನಿನಗೆ ಯಾವ ಕಟ್ಟೂ ಇಲ್ಲ, ತೋಚಿದ್ದನ್ನು ಆಡು ಎಂದರೆ ಅವನು ಏನನ್ನು ಆಡಿಯಾನು? ಮೂರು ವಾಕ್ಯಕ್ಕೆ ಅವನ ಸ್ವಾತಂತ್ರ್ಯ ತೀರಿಹೋಗುತ್ತದೆ. ಭಾರತವನ್ನು ಅರೆದು ಕುಡಿದ ಅರ್ಥಧಾರಿಯು ಮಾತ್ರ ಅದೇ ಪದ್ಯಕ್ಕೆ ಇಂದೊಂದು, ನಾಳೆಯೊಂದು ಅರ್ಥವನ್ನು ಹೇಳಬಲ್ಲನು. ಕಟ್ಟು ಇಲ್ಲದಿರುವುದು ಸ್ವಾತಂತ್ರ್ಯವೆಂದು ನಾವು ತಿಳಿಯುತ್ತೇವೆ. ಅನುಭವ ಹೇಳುವುದು ಬೇರೆ.

ಇಷ್ಟನ್ನು ಹೇಳಿದ ಮೇಲೆ ಹುಡುಗನ ಕೈಯಲ್ಲಿಯೇ ಒಂದು ಪರೀಕ್ಷೆಯನ್ನು ಮಾಡಿಸಿದೆನು. ನಾಗಂದಿಗೆಯ ಮೇಲಿದ್ದ ಹಳೆಯ ಶ್ರುತಿಪೆಟ್ಟಿಗೆಯನ್ನು ಇಳಿಸಿ, ಧೂಳನ್ನು ಒರಸಿ, ಅವನು ನುಡಿಸುತ್ತಿದ್ದ ಶ್ರೇಣಿಯ ಮೊದಲ ಸ್ವರವಾದ 'ಎ'ಯನ್ನೇ ಷಡ್ಜವನ್ನಾಗಿ ಹಿಡಿದೆನು. ಎ, ಸಿ, ಡಿ, ಇ, ಜಿ: ಅವನು ನುಡಿಸಿದನು, ಧಾನಿ ರಾಗದ ಛಾಯೆ ಸ್ಪಷ್ಟವಾಗಿ ಕೇಳಿಸಿತು. ಬೆರಳನ್ನು ಕದಲಿಸಬೇಡ, ಅವೇ ಐದು ಸ್ವರಗಳನ್ನು ನುಡಿಸುತ್ತಿರು ಎಂದು ಹೇಳಿ, ಶ್ರುತಿಯನ್ನು ಮಾತ್ರ 'ಸಿ'ಗೆ ಬದಲಿಸಿದೆನು. ಅದೇ ಬೆರಳು, ಅದೇ ಮೆಟ್ಟಿಲು. ಜಗುಲಿಯಲ್ಲಿ ಈಗ ಭೂಪ ರಾಗ, ನಮ್ಮ ಭಾಗವತರ ಮೋಹನ. 'ಡಿ'ಗೆ ಬದಲಿಸಿದಾಗ ಮಧ್ಯಮಾವತಿ, 'ಜಿ'ಯಲ್ಲಿ ದುರ್ಗಾ, ಕೊನೆಗೆ 'ಇ'ಗೆ ತಂದಾಗ, ಪಂಚಮವೇ ಮಾಯವಾಗಿ, ಮಳೆಯ ಕತ್ತಲಿಗೆ ಹೇಳಿ ಮಾಡಿಸಿದಂತೆ ಮಾಲಕಂಸದ ಗಂಭೀರವಾದ ನೆರಳು. ಹುಡುಗನು ಬೆರಳನ್ನು ನಿಲ್ಲಿಸಿ ನನ್ನ ಮುಖವನ್ನು ನೋಡಿದನು. ಶಾಸ್ತ್ರಕಾರರು ಇದನ್ನು ಗ್ರಹಭೇದವೆಂದು ಕರೆದಿದ್ದಾರೆ. ಅವನು ಎರಡು ತಿಂಗಳಿನಿಂದ ತಿರುತಿರುಗಿ ನುಡಿಸಿ ಬೇಸತ್ತ ಐದು ಸ್ವರಗಳೊಳಗೆ ಐದು ರಾಗಗಳು ಮಲಗಿದ್ದವು. ಅವನ್ನು ಎಬ್ಬಿಸಿದುದು ಅವನು ನುಡಿಸಿದ ಯಾವ ಸ್ವರವೂ ಅಲ್ಲ, ಅವನು ನುಡಿಸದೆ ಹಿನ್ನೆಲೆಯಲ್ಲಿ ನಿಂತಿದ್ದ ಆಧಾರ.

ಆಗ ನನಗೆ ಮತ್ತೆ ಸೋದೆಯ ನೆನಪಾಯಿತು. ಆ ಒಂದೇ ಊರಿನ ಎಲ್ಲೆಯೊಳಗೆ ಅದ್ವೈತದ ಸ್ವರ್ಣವಲ್ಲಿ ಮಠವುಂಟು, ವಾದಿರಾಜರ ವೃಂದಾವನವಿರುವ ದ್ವೈತಮಠವುಂಟು, ಜೈನ ಮಠವೂ ಉಂಟು. ಹುಟ್ಟು, ಹಸಿವು, ಸ್ನೇಹ, ಮುಪ್ಪು, ಸಾವು ಎಂಬ ಅನುಭವದ ಸ್ವರಗಳು ಮೂವರಿಗೂ ಅವೇ. ಅದ್ವೈತಿಯು ನಿರ್ವಿಶೇಷವಾದ ಬ್ರಹ್ಮವನ್ನು ಅಧಿಷ್ಠಾನವಾಗಿ ಹಿಡಿದಾಗ ಅವು ಒಂದು ರಾಗವಾಗಿ ಕೇಳಿಸುತ್ತವೆ. ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಇಬ್ಬಗೆಯಾಗಿಸಿ ಹರಿಯೊಬ್ಬನೇ ಸ್ವತಂತ್ರನೆಂದ ಮಧ್ವಮತದವನಿಗೆ ಮತ್ತೊಂದು ರಾಗವಾಗಿ. ವಸ್ತು ಅನೇಕಾಂತವೆಂದ ಜೈನನಿಗೆ ಇನ್ನೊಂದಾಗಿ. ಈ ಉಪಮೆಯನ್ನು ಅವರಲ್ಲಿ ಯಾವ ಪಂಡಿತನೂ ಒಪ್ಪಲಾರನೆಂಬುದನ್ನು ಬಲ್ಲೆನು. ಷಡ್ಜವನ್ನು ಬೇಕೆಂದಂತೆ ಬದಲಿಸಬಹುದು, ಸತ್ಯವನ್ನು ಬದಲಿಸಲಾಗದು ಎಂದು ಅವರು ಗದರಿಸಿಯಾರು. ಆದರೆ ಆಧಾರವನ್ನು ನಿಶ್ಚಯಿಸಿಕೊಳ್ಳದೆ ಸ್ವರಕ್ಕೆ ಅರ್ಥವಿಲ್ಲವೆಂಬ ಮಾತಿನಲ್ಲಿ ಮೂವರಿಗೂ ಭಿನ್ನಾಭಿಪ್ರಾಯವಿರಲಾರದು.

ಇನ್ನು ಅಭ್ಯಾಸದ ಮಾತು. ಶ್ರೇಣಿಯನ್ನು ಸಾವಿರ ಸಲ ನುಡಿಸಿದರೆ ಸಂಗೀತ ಹುಟ್ಟುತ್ತದೆಯೆ? ಹುಟ್ಟುವುದಿಲ್ಲವೆಂಬುದು ಕಿವಿಯುಳ್ಳ ಎಲ್ಲರಿಗೂ ಗೊತ್ತು. ಶಂಕರಾಚಾರ್ಯರು ಸೂತ್ರಭಾಷ್ಯದಲ್ಲಿ ಕರ್ಮದ ಫಲವನ್ನು ಉತ್ಪಾದ್ಯ, ಆಪ್ಯ, ವಿಕಾರ್ಯ, ಸಂಸ್ಕಾರ್ಯ ಎಂದು ನಾಲ್ಕಾಗಿ ಎಣಿಸಿ, ಮೋಕ್ಷವು ಈ ನಾಲ್ಕರಲ್ಲಿ ಯಾವುದೂ ಅಲ್ಲವೆಂದು ತೋರಿಸಿದ್ದಾರೆ. ಅದು ಮಾಡಿದ್ದಲ್ಲ, ಎಲ್ಲಿಂದಲೋ ಪಡೆದದ್ದಲ್ಲ. ಹಾಗೆಂದು ಕರ್ಮವು ವ್ಯರ್ಥವೆಂದೂ ಅವರು ಹೇಳಲಿಲ್ಲ; ಅದರಿಂದ ಚಿತ್ತಶುದ್ಧಿ, ಶುದ್ಧವಾದ ಚಿತ್ತಕ್ಕೆ ಜ್ಞಾನದ ಅರ್ಹತೆ. ಪತಂಜಲಿಯು ಯೋಗಸೂತ್ರದ ಕೈವಲ್ಯಪಾದದಲ್ಲಿ ಇಂಥದೇ ಒಂದು ವಿಷಯಕ್ಕೆ ಕೃಷಿಕನ ದೃಷ್ಟಾಂತವನ್ನು ತಂದನು. ನಮ್ಮ ಅಡಕೆ ತೋಟದಲ್ಲಿ ಅದನ್ನು ಕಣ್ಣಾರೆ ಕಾಣಬಹುದು: ಬೇಸಗೆಯಲ್ಲಿ ಮರದ ಬುಡಕ್ಕೆ ನೀರು ಬಿಡುವವನು ನೀರನ್ನು ಹುಟ್ಟಿಸುವುದಿಲ್ಲ, ಹೊತ್ತು ತರುವುದೂ ಇಲ್ಲ, ಕಾಲುವೆಗೆ ಅಡ್ಡವಾಗಿದ್ದ ಮಣ್ಣಿನ ಹೆಂಟೆಯನ್ನೂ ಕೊಳೆತ ಸೋಗೆಯನ್ನೂ ಗುದ್ದಲಿಯಿಂದ ಎಳೆದುಹಾಕುತ್ತಾನೆ, ನೀರು ತನ್ನ ಇಳಿಜಾರನ್ನು ತಾನೇ ಹಿಡಿಯುತ್ತದೆ. ಬೆರಳಿನ ಜಡತೆ, ತಂತಿಯ ಭಯ, ಮುಂದಿನ ಸ್ವರ ಎಲ್ಲಿದೆಯೆಂಬ ತಡಕಾಟ, ಇವೇ ಆ ಹೆಂಟೆಗಳು. ಶ್ರೇಣಿಯ ಅಭ್ಯಾಸವು ಇವನ್ನು ಎಳೆದುಹಾಕುವ ಗುದ್ದಲಿ. ಗುದ್ದಲಿಯನ್ನೇ ನೀರೆಂದು ಭ್ರಮಿಸಿದವನು ವೇಗದ ಸರ್ಕಸ್ಸನ್ನು ತೋರಿಸಿ ಮನೆಗೆ ಹೋಗುತ್ತಾನೆ. ನೀರಿಗೆ ಗುದ್ದಲಿ ಏತಕ್ಕೆಂದವನ ತೋಟ ಒಣಗುತ್ತದೆ.

ಮೆಟ್ಟಿಲು ಹೂಡಿದ ವಾದ್ಯದಲ್ಲಿ ಎಂಥ ಸ್ವಾತಂತ್ರ್ಯ ಎಂಬ ಆಕ್ಷೇಪವೂ ಉಂಟು. ಆಕ್ಷೇಪ ಸಣ್ಣದಲ್ಲ, ಸ್ಥಿರಸ್ವರದ ಹಾರ್ಮೋನಿಯಂ ನಮ್ಮ ಶ್ರುತಿಗಳನ್ನು ಕೆಡಿಸುತ್ತದೆಂಬ ಕಾರಣಕ್ಕೆ ಆಕಾಶವಾಣಿಯು 1940ರಿಂದ ಮೂರು ದಶಕಗಳ ಕಾಲ ಅದನ್ನು ಹೊರಗೇ ಇರಿಸಿತ್ತು. ಗಿಟಾರಿನ ಗಾಂಧಾರವೂ ತಂಬೂರದಲ್ಲಿ ತಾನಾಗಿ ಮೊಳಗುವ ಗಾಂಧಾರಕ್ಕಿಂತ ಒಂದು ಮೆಟ್ಟಿಲಿನ ಏಳನೆಯ ಒಂದು ಪಾಲಿನಷ್ಟು ಮೇಲೆಯೇ ನಿಲ್ಲುತ್ತದೆ. ಆದರೆ ತಂತಿಗೆ ಎಳೆತಕ್ಕೆ ಮಣಿಯುವ ಗುಣವಿದೆ. ಬೆರಳು ಅದನ್ನು ಪಕ್ಕಕ್ಕೆ ಜಗ್ಗಿದರೆ ಎರಡು ಮೆಟ್ಟಿಲುಗಳ ನಡುವಿನ ಹೆಸರಿಲ್ಲದ ಜಾಗಗಳೆಲ್ಲ ನಾದವಾಗುತ್ತವೆ. ಬ್ರಿಜ್ ಭೂಷಣ ಕಾಬ್ರಾ ಅವರು ತಂತಿಯ ಮೇಲೆ ಸಲಾಕೆಯನ್ನು ಜಾರಿಸಿ ಮೆಟ್ಟಿಲುಗಳನ್ನೇ ಮರೆಸಿ, ಇದೇ ವಾದ್ಯದಲ್ಲಿ ರಾಗಾಲಾಪವನ್ನು ಮಾಡಿದರು. ಆದರೆ ಎಷ್ಟು ಎಳೆಯಬೇಕೆಂದು ಬೆರಳಿಗೆ ಹೇಳುವವರಾರು? ಮುಂದಿನ ಸ್ವರದ ಸ್ಥಾನವನ್ನು ಅರಿತ ಕಿವಿಯೇ. ಮೆಟ್ಟಿಲನ್ನು ಮೀರುವುದಕ್ಕೂ ಮೆಟ್ಟಿಲಿನ ಅರಿವು ಬೇಕಾಗುತ್ತದೆ.

ಆ ರಾತ್ರಿ ಊಟವಾದ ಮೇಲೆ ಹುಡುಗನು ಮತ್ತೆ ಗಿಟಾರನ್ನು ಎತ್ತಿಕೊಂಡನು. ನಾನು ಶ್ರುತಿಯನ್ನು 'ಎ'ಯಲ್ಲಿ ಹಿಡಿದು ಕುಳಿತೆನು. ಈ ಸಲ ಅವನು ಏರಿಳಿಯಲಿಲ್ಲ. ಎರಡು ಸ್ವರ ನುಡಿಸಿ ಮೌನವಾಗುವನು, ಮತ್ತೆ ಮೂರು ನುಡಿಸುವನು. ನಡುವೆ ಬೆರಳು ಜಾರಿ, ಶ್ರೇಣಿಯಲ್ಲಿಲ್ಲದ ಒಂದು ಮೆಟ್ಟಿಲಿನ ಮೇಲೆ ಬಿತ್ತು. ಒಡಕು ಸ್ವರ. ಸಂಜೆಯಾಗಿದ್ದರೆ ಅವನು ಅಲ್ಲಿಗೇ ನಿಲ್ಲಿಸಿ, ಮೊದಲಿನಿಂದ ಎತ್ತಿಕೊಳ್ಳುತ್ತಿದ್ದನು. ಈಗ ಅದೇ ತಪ್ಪನ್ನು ಬೇಕೆಂದೇ ಇನ್ನೊಮ್ಮೆ ಮೀಟಿ, ತುಸು ತಡೆದು, ಪಕ್ಕದ ಮೆಟ್ಟಿಲಿಗೆ ಜಾರಿಸಿದನು. ಒಡಕು ಒಂದು ನಿರೀಕ್ಷೆಯಾಗಿ ಮಾರ್ಪಟ್ಟು, ನಿರೀಕ್ಷೆ ಷಡ್ಜದಲ್ಲಿ ತೀರಿತು.

ನಮ್ಮ ಶ್ರೌತಸೂತ್ರಗಳಲ್ಲಿ ಯಜ್ಞದ ವಿಧಿಯ ಜೊತೆಗೆ ಪ್ರಾಯಶ್ಚಿತ್ತದ ಪ್ರಕರಣವೂ ಇದೆ. ಪಾತ್ರೆ ಒಡೆದರೆ, ಹಾಲು ಉಕ್ಕಿ ಚೆಲ್ಲಿದರೆ, ಅಗ್ನಿ ನಂದಿದರೆ ಏನು ಮಾಡಬೇಕೆಂದು ಅಲ್ಲಿ ಒಂದೊಂದಾಗಿ ಹೇಳಿದೆ. ಮನುಷ್ಯನು ತಪ್ಪುವನೆಂದು ವಿಧಿಗೆ ಮೊದಲೇ ಗೊತ್ತಿತ್ತು. ತಪ್ಪಿದವನು ಯಜ್ಞವನ್ನು ಬಿಟ್ಟೇಳದೆ ಮುಗಿಸಲೆಂದು ಹಿಂದಿರುಗುವ ದಾರಿಯನ್ನೂ ಅದು ತನ್ನೊಳಗೆ ಇಟ್ಟುಕೊಂಡಿತ್ತು. ಎರಡು ತಿಂಗಳು ಹನ್ನೆರಡೇ ಸ್ಥಾನಗಳನ್ನು ತಡವಿದ ಬೆರಳಿಗೆ ಆ ದಾರಿ ಸಿಕ್ಕಿತ್ತು. "ಇದ್ನೆಲ್ಲ ಎಂತಕ್ಕೆ ಕಲಿಯವು" ಎಂದು ಅವನು ಮತ್ತೆ ಕೇಳಲಿಲ್ಲ. ನಾನೂ ಹೇಳಲು ಹೋಗದೆ ಶ್ರುತಿಪೆಟ್ಟಿಗೆಯ ತಿದಿಯನ್ನು ಒತ್ತುತ್ತ ಕುಳಿತೆನು.